ಅರಿಸಿನ ತಿಂದ ಗಾಡಿ

ನನ್ನ ಪಾನಾಗಳ ಡಬ್ಬಿ ತೆರೆದರೆ ಅರಿಸಿನದ ವಾಸನೆ ಬರುತ್ತದೆ. ನಟ್ಟು ಬೋಲ್ಟು ತಿರುವುವ ಸ್ಪ್ಯಾನರಿಗೆ ನಮ್ಮ ಗದಗ-ಬೆಟಗೇರಿಯಲ್ಲಿ ಪಾನಾ ಅನ್ನುತ್ತೇವೆ. ಅಂಥ ಡಬ್ಬಿಯಿಂದ ಗ್ರೀಸಿನ ವಾಸನೆಯೋ ಸೀಮೆಎಣ್ಣೆಯ ವಾಸನೆಯೋ ಬಂದರೆ ಯಾರೂ ಏನೂ ಅನ್ನುವುದಿಲ್ಲ. ಆದರೆ ಮೊನ್ನೆ ಬೈಕಿನ ಚೈನು ಬಿಗಿ ಮಾಡಲು ಪಾನಾ ಕೇಳಿಕೊಂಡು ಬಂದ ಪಕ್ಕದ ಮನೆಯವರು ಡಬ್ಬಿಯ ಹತ್ತಿರ ಮೂಗು ತಂದು, "ಏನ್ರೀ, ಇದರಾಗ ಚಿತ್ರಾನ್ನ ಕಲಸಿದ್ರೇನು?" ಎಂದು ಕೇಳಿದರು. ಅದೊಂದು ದೊಡ್ಡ ಕತೆ ಎಂದೆ. ಅವರು ಪಾನಾ ಹಿಡಿದು ಜಾಗ ಖಾಲಿ ಮಾಡಿದರು. ನಿಮ್ಮ ಬೈಕಿನ ಚೈನು ಸರಿಯಾಗಿದೆ ಎಂದು ಭಾವಿಸಿ ಹೇಳುತ್ತೇನೆ, ಕುಳಿತುಕೊಳ್ಳಿ.

ನನ್ನ ಹತ್ತಿರ ಒಂದು ಕಾರಿದೆ. ಹೀಗೆಂದ ಕೂಡಲೇ ಜನ ಎಷ್ಟು ಮಂದಿ ಕೂರಬಹುದು ಎಂದು ಕೇಳುತ್ತಾರೆ. ಇಬ್ಬರು ಎನ್ನುತ್ತೇನೆ. ಏಸಿ ಇದೆಯೇ ಎನ್ನುತ್ತಾರೆ. ಛತ್ತೇ ಇಲ್ಲ ಎನ್ನುತ್ತೇನೆ. ಅಲ್ಲಿಗೆ ಅವರಿಗೆ ನನ್ನ ಮೇಲೆ ಕನಿಕರ ಹುಟ್ಟುತ್ತದೆ. ಆದರೆ ಒಂದು ಸಲ ನೋಡಿದವರು ಮಾತ್ರ ಸುಮ್ಮನೆ ಹೋಗುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣ, ಅರ್ಧ ಗಾಡಿಯಷ್ಟು ಉದ್ದದ ಬಾನೆಟ್ಟು, ತಂತಿ ಕಡ್ಡಿಗಳ ಗಾಲಿ, ನೆಲಕ್ಕೆ ಅಂಟಿದಂತೆ ಇರುವ ಸೀಟು. ರೇಸಿನ ಮೈದಾನಕ್ಕೆಂದು ವಿಲಾಯತಿಯಲ್ಲಿ ಹುಟ್ಟಿದ್ದು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಅದರ ಸ್ಪ್ರಿಂಗುಗಳು ನನ್ನ ಮೊಣಕಾಲಿಗಿಂತ ಚೆನ್ನಾಗಿವೆ.

ಅದನ್ನು ಕೊಂಡವರು ನನ್ನ ಸೋದರಮಾವ. ಗದಗಿನಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದವರು. ಯಾವುದೋ ಮಿಲ್ಲಿನ ಪರದೇಶಿ ಸಾಹೇಬ ಊರಿಗೆ ವಾಪಸು ಹೋಗುವಾಗ ಬಿಟ್ಟುಹೋದ ಗಾಡಿಯನ್ನು ಇವರು ಮನೆಯಲ್ಲಿ ಯಾರಿಗೂ ಹೇಳದೆ ತಂದು ನಿಲ್ಲಿಸಿದರಂತೆ. ಹತ್ತಿ ತುಂಬಿದ ಚಕ್ಕಡಿಗಳ ಸಾಲಿನ ನಡುವೆ ಧೋತರ ಉಟ್ಟ ವ್ಯಾಪಾರಿ, ಟೊಪ್ಪಿಗೆ ಹಾರಿಹೋಗದಿರಲಿ ಎಂದು ಅದರ ಮೇಲೊಂದು ಟವೆಲ್ಲು ಸುತ್ತಿಕೊಂಡು, ಇಂಥ ಗಾಡಿ ಓಡಿಸಿಕೊಂಡು ಹೋಗುವುದನ್ನು ಕಲ್ಪಿಸಿಕೊಳ್ಳಿ. ಎತ್ತುಗಳು ಬೆದರುತ್ತಿದ್ದವಂತೆ. ಚಕ್ಕಡಿಯವರು ಬೈಯುತ್ತಿದ್ದರಂತೆ. ಮಾವನಿಗೆ ಎರಡೂ ಖುಷಿಯೇ.

ನಾನು ನೋಡುವ ಹೊತ್ತಿಗೆ ಗಾಡಿ ಬೆಟಗೇರಿಯ ಅವರ ಮನೆ ಹಿಂದಿನ ಹತ್ತಿ ಗೋದಾಮಿನಲ್ಲಿ ಇಟ್ಟಂಗಿಗಳ ಮೇಲೆ ನಿಂತಿತ್ತು. ನಮ್ಮದು ಶಿರಹಟ್ಟಿ. ಶಾಲೆಗೆ ಸೂಟಿ ಬಿದ್ದ ಮರುದಿನವೇ ನಾನು ಮಾವನ ಮನೆಗೆ ಹಾಜರು. ಗಾಡಿಗೆ ಹೊದಿಸಿದ ತಾಡಪತ್ರಿಯ ಒಂದು ಮೂಲೆ ಎತ್ತಿ, ಒಳಗೆ ತೂರಿ, ಸ್ಟೇರಿಂಗ್ ಹಿಡಿದು, ಬಾಯಲ್ಲೇ ಎಂಜಿನ್ನಿನ ಸದ್ದು ಮಾಡುತ್ತ ಆ ಕತ್ತಲಲ್ಲಿ ನಾನು ಮುಂಬೈಗೆ ಹೋಗಿದ್ದೇನೆ, ಕಾಶ್ಮೀರಕ್ಕೂ ಹೋಗಿದ್ದೇನೆ. ಅರಳೆಯ ಎಳೆಗಳು ಮೇಲಿಂದ ಉದುರುತ್ತಿದ್ದುದರಿಂದ ಕಾಶ್ಮೀರಕ್ಕೆ ಹೋಗುವುದು ಹೆಚ್ಚು ಸುಲಭವಿತ್ತು. ಒಂದು ಸಲ ದಾರಿಗೆ ಇರಲಿ ಎಂದು ಎರಡು ಮಿರ್ಚಿಭಜಿಯನ್ನು ಪೇಪರಿನಲ್ಲಿ ಸುತ್ತಿ ಮುಂದಿನ ಖಾನೆಯಲ್ಲಿಟ್ಟು ಮರೆತುಬಿಟ್ಟೆ. ದಶಕಗಳ ನಂತರ ನಾನೇ ಆ ಖಾನೆಯನ್ನು ತೆರೆದಾಗ ಮಿರ್ಚಿ ಇರಲಿಲ್ಲ, ಎಣ್ಣೆಯ ಕಲೆಯಿದ್ದ ಪೇಪರಿನ ಚೂರು ಇತ್ತು. ಅದನ್ನು ಎಸೆಯಲು ಮನಸ್ಸಾಗದೆ ಅಲ್ಲೇ ಇಟ್ಟಿದ್ದೇನೆ.

ಗಾಡಿ ಗೋದಾಮು ಸೇರಿದ್ದು ಮಾವನ ಹೆಂಡತಿ ನೀಲತ್ತೆಯ ಕಾರಣದಿಂದ. ನಮ್ಮ ಮನೆತನದಲ್ಲಿ ಎಲ್ಲರಿಗೂ ಗೊತ್ತಿದ್ದ ಕತೆ ಇಷ್ಟು. ಮದುವೆಯಾದ ಮೂರನೆಯ ದಿನ ಹೊಸ ಜೋಡಿ ಇದೇ ಗಾಡಿಯಲ್ಲಿ ನೀಲತ್ತೆಯ ತವರು ಮುಂಡರಗಿಗೆ ಹೊರಟಿತು. ಡಂಬಳ ದಾಟಿದ ಮೇಲೆ ಒಂದು ಬೇವಿನ ಗಿಡದ ಹತ್ತಿರ ಗಾಡಿ ನಿಂತಿತು. ಮಾವ ಸ್ಟೇರಿಂಗ್ ಹಿಡಿದು ಕುಳಿತರು, ಮೈಮೇಲಿನ ಅರಿಸಿನವೂ ಮಾಸದ ಮದುಮಗಳು ಇಳಿದು ಹಿಂದಿನಿಂದ ನೂಕಿದಳು, ಗಾಡಿ ಚಾಲೂ ಆಯಿತು, ತವರು ಮುಟ್ಟಿದರು. ಮಾವ ಇದನ್ನು ಹೇಳುವಾಗ ಹೊಟ್ಟೆ ಹಿಡಿದು ನಗುತ್ತಿದ್ದರು. ನೀಲತ್ತೆ ನಗುತ್ತಿರಲಿಲ್ಲ. ನಡುದಾರಿಯಲ್ಲಿ ನಿಲ್ಲದೆ ಮುಂಡರಗಿ ಮುಟ್ಟುತ್ತದೆ ಎಂಬ ಭರವಸೆ ಸಿಗುವ ತನಕ ಈ ಗಾಡಿ ಹತ್ತುವುದಿಲ್ಲ ಎಂದು ಅಂದೇ ಹೇಳಿದಳು, ಹಾಗೇ ನಡೆದಳು. ಹೆಂಡತಿ ಹತ್ತದ ಎರಡು ಸೀಟಿನ ಗಾಡಿಯಲ್ಲಿ ಮಾವ ಒಬ್ಬರೇ ಎಷ್ಟು ದಿನ ತಿರುಗಾಡಿಯಾರು? ಆದರೆ ಮುಂಡರಗಿಯ ಅವಳ ಅಣ್ಣ ಮಾತ್ರ ಬಿಡಲಿಲ್ಲ. ಪ್ರತಿ ದಸರೆಗೆ ಅವಳು ಬನ್ನಿ ಕೊಡಲು ತವರಿಗೆ ಹೋದಾಗ ಬಸ್ಸಿಳಿದು ಬಂದ ತಂಗಿಯನ್ನು ಅವರು ಕೇಳುವ ಮಾತು ಒಂದೇ. "ಈ ಸಲನೂ ನೂಕಿ ಬಂದಿಯೇನವಾ?" ಐವತ್ತು ದಸರೆ ದಾಟಿದರೂ ಆ ಪ್ರಶ್ನೆ ಹಳೆಯದಾಗಲಿಲ್ಲ.

ಮಾವ ತೀರಿಕೊಂಡ ವರ್ಷ ನೀಲತ್ತೆ ನನ್ನನ್ನು ಕರೆದು ಚಾವಿ ಕೈಗಿಟ್ಟಳು. "ತಗೋ. ನೀನೂ ಅವರಂಗ ಹುಚ್ಚ ಅದಿ," ಎಂದಳು. ಆಮೇಲೆ, "ಶೇಖರ್ಯಾ, ಅಣ್ಣಗ ವಯಸ್ಸು ಎಂಬತ್ತು ದಾಟೇತಿ. ಅವ ಇರೂದರಾಗ ಒಂದ ಸಲ ಇದರಾಗ ಕುಂತು ಅವನ ಬಾಗಲಿಗೆ ಇಳೀಬೇಕು ನಾ. ಆತೇನು?" ಎಂದಳು. ಆತು ಎಂದುಬಿಟ್ಟೆ. ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಪ್ರೆಸ್ಸು, ಮದುವೆ ಕಾರ್ಡು ಛಾಪಿಸುವುದು ಕಸುಬು. ಯಂತ್ರಕ್ಕೆ ಎಣ್ಣೆ ಹಾಕಿ ಗೊತ್ತಿದ್ದವನಿಗೆ ಕಾರು ಏನು ಮಹಾ ಅಂದುಕೊಂಡೆ. ಆ ಧೈರ್ಯವನ್ನು ನೆನೆಸಿಕೊಂಡರೆ ಈಗ ನನಗೇ ನಗು ಬರುತ್ತದೆ.

ಮೊದಲ ದಿನವೇ ಗೊತ್ತಾಯಿತು, ನನ್ನ ಒಂದು ಪಾನಾವೂ ಅದರ ನಟ್ಟಿಗೆ ಕೂರುವುದಿಲ್ಲ. ಹನ್ನೆರಡರದು ಸಣ್ಣದು, ಹದಿಮೂರರದು ಗಳಗಳ. ಅದು ಇಂಚಿನ ಕಾಲದ ಗಾಡಿ, ನಮ್ಮದು ಮಿಲಿಮೀಟರಿನ ಪೇಟೆ. ಗದಗಿನ ಹಾರ್ಡ್‌ವೇರ್ ಅಂಗಡಿಗಳನ್ನೆಲ್ಲ ಸುತ್ತಿ ಸಾಕಾಗಿ ಕೂತಾಗ ಯಾರೋ ಲಕ್ಷ್ಮೇಶ್ವರದ ಖಾದರಸಾಬ್ ಮಿಸ್ತ್ರಿಯ ಹೆಸರು ಹೇಳಿದರು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನ ಹಳೆಯ ವಿಲಾಯತಿ ಮಷೀನುಗಳನ್ನು ಇಡೀ ಆಯುಷ್ಯ ರಿಪೇರಿ ಮಾಡಿದ ಮನುಷ್ಯ, ಈಗ ಲೇಥ್ ಇಟ್ಟುಕೊಂಡು ಪಂಪಿನ ಸಾಮಾನು ಕಡೆಯುತ್ತಾರೆ. ನಾನು ಒಯ್ದ ನಟ್ಟನ್ನು ಅಂಗೈ ಮೇಲೆ ಉರುಳಿಸಿ ನೋಡಿ, ಪೆಟ್ಟಿಗೆಯ ತಳದಿಂದ ಒಂದು ಕರೀ ಪಾನಾ ತೆಗೆದು ಹಚ್ಚಿದರು. ಟಕ್ ಎಂದು ಕೂತಿತು. ನನಗೆ ಕುಣಿಯಬೇಕು ಅನ್ನಿಸಿತು. ಮಿಸ್ತ್ರಿಯ ಮುಖವೂ ಅರಳಿತು.

"ಜಿನ್ನಿನ ಮಷೀನ್ ಹೋದಮ್ಯಾಲ ಇವನ್ನ ಕೇಳಾವರ ಇರಲಿಲ್ರಿ," ಎಂದರು. "ಗಾಡಿ ಎಲ್ಲೈತಿ? ನಾಳಿಗೆ ಬರತೀನಿ."

ಅಲ್ಲಿಂದ ಎರಡು ವರ್ಷ ನಮ್ಮಿಬ್ಬರ ರವಿವಾರಗಳು ಆ ಗೋದಾಮಿನಲ್ಲೇ ಕಳೆದವು. ಅವರು ಹೇಳುವುದು, ನಾನು ಬಿಚ್ಚುವುದು. ನಾನು ಜೋಡಿಸುವುದು, ಅವರು ಮತ್ತೆ ಬಿಚ್ಚಿಸುವುದು. ಬಿಚ್ಚಿದ ಪ್ರತಿ ಸಾಮಾನಿಗೂ ನಾನು ಹಳೆ ಮದುವೆ ಕಾರ್ಡಿನ ಹಿಂದೆ ಹೆಸರು ಬರೆದು ದಾರದಿಂದ ಕಟ್ಟುತ್ತಿದ್ದೆ. ಹೀಗಾಗಿ ನಮ್ಮ ಬ್ರೇಕಿನ ಮೇಲೆ ಒಬ್ಬರ ಚಿ. ರಾ. ಇತ್ತು, ಕ್ಲಚ್ಚಿನ ಮೇಲೆ ಇನ್ನೊಬ್ಬರ ಚಿ. ಸೌ. ಇತ್ತು. ಸೀಟು ಹೊಲಿದವನು ಟ್ರ್ಯಾಕ್ಟರ್ ಸೀಟು ಹೊಲಿಯುವ ಕಸಬುದಾರ. ನಾನು ಎಷ್ಟು ಬೇಡವೆಂದರೂ ಕೇಳದೆ ಬೆನ್ನಿನ ಭಾಗದಲ್ಲಿ ಬಿಳಿ ರೆಗ್ಜಿನ್ನಿನ ಒಂದೊಂದು ಕಮಲ ಕೂರಿಸಿದ. ಈಗ ಆ ಕಮಲ ಇಲ್ಲದ ಗಾಡಿಯನ್ನು ನನಗೆ ಊಹಿಸಲೂ ಆಗದು.

ಕಳೆದ ಶ್ರಾವಣದಲ್ಲಿ ಎಂಜಿನ್ ಮೊದಲ ಸಲ ಚಾಲೂ ಆಯಿತು. ಆ ಸದ್ದನ್ನು ಹೇಗೆ ಹೇಳಲಿ! ಮೊದಲು ಒಂದು ಕೆಮ್ಮು, ಆಮೇಲೆ ಸೈಲೆನ್ಸರಿನಿಂದ ಇಲಿಯ ಗೂಡಿನ ಅರಳೆ, ಹಿಂದೆಯೇ ಗೋದಾಮಿನ ತಗಡು ಅದುರುವಂಥ ಗರ್ಜನೆ. ನಾನೂ ಮಿಸ್ತ್ರಿಯೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕೂಗಾಡಿದೆವು. ಓಣಿಯ ನೇಕಾರರು ಮಗ್ಗ ನಿಲ್ಲಿಸಿ ಓಡಿ ಬಂದರು. ನೀಲತ್ತೆ ಹಿತ್ತಲ ಬಾಗಿಲಲ್ಲಿ ಸೌಟು ಹಿಡಿದು ನಿಂತು ನೋಡಿದಳು. ಅಂದು ನಮ್ಮಿಬ್ಬರ ತಾಟಿಗೆ ಕೇಳದೆಯೇ ಎರಡೆರಡು ಹೋಳಿಗೆ ಹೆಚ್ಚು ಬಿದ್ದವು. ನನ್ನ ಜೀವನದಲ್ಲಿ ಅಷ್ಟು ಸಂತೋಷಪಟ್ಟ ದಿನಗಳು ಕಡಿಮೆ.

ಈ ದಸರೆಗೆ ಮುಂಡರಗಿ ಎಂದು ನಿಶ್ಚಯವಾಯಿತು. ಇನ್ನು ಅರಿಸಿನದ ಪ್ರಸಂಗಕ್ಕೆ ಬರುತ್ತೇನೆ.

ನಮ್ಮ ಕಡೆ ಆಯುಧಪೂಜೆಗೆ ಖಂಡೇ ಪೂಜೆ ಎನ್ನುತ್ತಾರೆ. ಅಂದು ಮನೆಯ ಕುಡುಗೋಲಿನಿಂದ ಹಿಡಿದು ನನ್ನ ಪ್ರೆಸ್ಸಿನ ಕತ್ತರಿಯವರೆಗೆ ಎಲ್ಲವೂ ಪೂಜೆಗೆ ಕೂರಬೇಕು. ಒಮ್ಮೆ ಕೂತವನ್ನು ಮರುದಿನ ಪೂಜೆ ಎತ್ತುವ ತನಕ ಮುಟ್ಟುವಂತಿಲ್ಲ. ಎಂಜಿನ್ನಿಗೆ ಗಾಳಿ ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರು ಈ ಗಾಡಿಗೆ ಎರಡು. ಅವನ್ನು ನಾನು ಹಿಂದಿನ ದಿನವಷ್ಟೇ ಬಿಚ್ಚಿ, ತೊಳೆದು, ಬೆಳ್ಳಿ ಸಾಮಾನಿನಂತೆ ಹೊಳೆಸಿ ಪೇಪರಿನ ಮೇಲೆ ಹರವಿದ್ದೆ. ಜೋಡಿಸುವಷ್ಟರಲ್ಲಿ ಪೂಜೆಯ ಹೊತ್ತಾಯಿತು. ಪಾನಾಗಳ ಜತೆ ಅವೂ ದೇವರ ಜಗಲಿ ಏರಿದವು. ನೀಲತ್ತೆ ಹೇಳಿದ್ದು ಪಾನಾಗಳಿಗೆ ವಿಭೂತಿ ಹಚ್ಚು ಎಂದು ಮಾತ್ರ. ನನ್ನ ಭಕ್ತಿ ಅಷ್ಟಕ್ಕೆ ನಿಲ್ಲಲಿಲ್ಲ. ನಾಳೆ ಗಾಡಿ ಕೈ ಕೊಡಬಾರದಲ್ಲ! ಒಂದೊಂದು ಬಿಡಿಭಾಗಕ್ಕೂ ಚಿಟಿಕೆ ಚಿಟಿಕೆ ಅರಿಸಿನ ಏರಿಸಿದೆ. ಪೆಟ್ರೋಲು ಹಾಯುವ ಸೂಜಿತೂತಿನ ಜೆಟ್ಟು ಇಷ್ಟೇ ಇಷ್ಟು ಇರುತ್ತದೆ, ಪಾಪ, ಅದಕ್ಕೆ ಎರಡು ಚಿಟಿಕೆ. ಪಾನಾಗಳ ಡಬ್ಬಿಯನ್ನಂತೂ ಅರಿಸಿನದ ಡಬ್ಬಿಯೇ ಮಾಡಿಬಿಟ್ಟೆ.

ವಿಜಯದಶಮಿಯ ಬೆಳಿಗ್ಗೆ ಪೂಜೆ ಎತ್ತಿ, ಬಟ್ಟೆಯಿಂದ ಒರೆಸಿ, ಎಲ್ಲ ಜೋಡಿಸಿ ಚಾವಿ ತಿರುವಿದೆ. ಗಾಡಿ ಎರಡು ಸಲ ಸೀನಿತು, ಬಾನೆಟ್ಟು ಎತ್ತಿ ಬಗ್ಗಿದ ನನ್ನ ಮುಖಕ್ಕೆ ಹಳದಿ ಪುಡಿ ಉಗುಳಿತು, ಸುಮ್ಮನಾಯಿತು. ಹಸಿರು ಇಳಕಲ್ ಸೀರೆ ಉಟ್ಟು, ಬನ್ನಿ ಎಲೆಯ ಚೀಲ ಹಿಡಿದು ನೀಲತ್ತೆ ತಯಾರಾಗಿ ನಿಂತಿದ್ದಳು. ಮಿಸ್ತ್ರಿಗೆ ವಿಡಿಯೋ ಕಾಲ್ ಮಾಡಿದೆ. ಕಾರ್ಬುರೇಟರನ್ನೂ ನನ್ನ ಮುಖವನ್ನೂ ನೋಡಿ ಅವರು ಹಣೆ ಬಡಿದುಕೊಂಡರು.

"ಪಾನಾಕ್ಕ ಪೂಜಿ ಮಾಡ್ರಿ, ಗಾಡಿಗೆ ಮಾಡ್ರಿ, ಯಾರ ಬ್ಯಾಡಂತಾರ? ಅದು ಉಣ್ಣೂ ಬಾಯಾಗ ಯಾಕ ಅರಿಸಿನ ತುಂಬಿದ್ರಿ?"

"ತಪ್ಪಾತು. ಈಗ ಜಲ್ದಿ ಬರ್ರಿ ಮಿಸ್ತ್ರಿ."

"ಹೆಂಗ ಬರ್ಲಿ? ನನ್ನ ಪಾನಾನೂ ಲೇಥಿನ ಮುಂದ ಪೂಜಿಗೆ ಕುಂತಾವ. ಸಂಜಿ ತನಕ ಎತ್ತಂಗಿಲ್ಲ. ನೀವ ಬಿಚ್ಚಿ ಊದ್ರಿ. ಪಿನ್ನು ಗಿನ್ನು ಚುಚ್ಚೀರಿ ಮತ್ತ! ತೂತು ಹಿಗ್ಗಿತಂದ್ರ ಆತು ಕತಿ."

ಬಿಚ್ಚಿ ಬಾಯಿಂದ ಊದಿದೆ. ಒಳಗೆ ಪೆಟ್ರೋಲಿಗೆ ಕಲಸಿದ ಅರಿಸಿನ ಗಟ್ಟಿಯಾಗಿ ಕೂತಿತ್ತು. ಸೈಕಲ್ ಪಂಪು ಹಚ್ಚಿದೆ, ಗಾಳಿ ಸಂದಿಯಲ್ಲೇ ಸೋರಿಹೋಯಿತು. ಮತ್ತೆ ಊದಿದೆ. ತುಟಿ, ಮೀಸೆ ಎಲ್ಲ ಹಳದಿಯಾಯಿತು, ಕಣ್ಣು ಕತ್ತಲೆ ಬಂತು, ಜೆಟ್ಟು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಇಷ್ಟು ಹೊತ್ತು ನೋಡುತ್ತಿದ್ದ ನೀಲತ್ತೆ ಒಳಗೆ ಹೋದಳು. ಇನ್ನು ಬಸ್ಸಿಗೇ ಹೊರಟಳು ಅಂದುಕೊಂಡೆ. ಬಂದಾಗ ಅವಳ ಕೈಯಲ್ಲಿ ಒಲೆ ಊದುವ ಕಬ್ಬಿಣದ ಊದುಗೊಳವೆ ಇತ್ತು.

"ಸರಿ ಅತ್ತಾಗ. ಊದೂದು ನಿಮ್ಮ ಪ್ರೆಸ್ಸಿನಾವ್ರ ಕೆಲಸ ಅಲ್ಲ."

ಊದುಗೊಳವೆಯ ಸಣ್ಣ ಬಾಯಿಗೆ ಜೆಟ್ಟನ್ನು ಒತ್ತಿ ಹಿಡಿಯಲು ನನಗೆ ಹೇಳಿದಳು. ಸೆರಗು ಸಿಗಿಸಿ ಒಂದೇ ಉಸಿರು ಊದಿದಳು ನೋಡಿ! ಐವತ್ತು ವರ್ಷ ಹಸಿ ಕಟ್ಟಿಗೆಯ ಒಲೆಯನ್ನು ಗೆದ್ದ ಉಸಿರು ಅದು. ಹಳದಿ ಮುದ್ದೆ ಛಂಗನೆ ಹಾರಿ ಗೋಡೆಗೆ ಅಂಟಿತು. ಫೋನಿನೊಳಗಿಂದ ಮಿಸ್ತ್ರಿ ಚಪ್ಪಾಳೆ ತಟ್ಟಿದರು. ಅರ್ಧ ತಾಸಿನಲ್ಲಿ ಗಾಡಿ ಗರ್ಜಿಸಿತು. ನೀಲತ್ತೆ ಕಮಲದ ಸೀಟಿನಲ್ಲಿ ಕೂತು, "ಹೂಂ, ನಡಿ," ಎಂದಳು.

ಆ ದಾರಿಯ ಸುಖವನ್ನು ಏನು ಹೇಳಲಿ! ತಲೆಯ ಮೇಲೆ ಬರೀ ಆಕಾಶ. ಎರಡೂ ಬದಿಗೆ ಒಡೆದ ಹತ್ತಿ, ದೂರಕ್ಕೆ ಕಪ್ಪತಗುಡ್ಡದ ಸಾಲು, ಅದರ ನೆತ್ತಿಯ ಮೇಲೆ ತಿರುಗುವ ಗಾಳಿಪಂಖಗಳು. ರಸ್ತೆಯ ಅರ್ಧಕ್ಕೆ ಗೋವಿನಜೋಳ ಒಣಹಾಕಿದ್ದರು, ಅದರ ಅಂಚಿನಲ್ಲಿ ತೂರಿಕೊಂಡು ಹೋದೆವು. ಚೆಂಡುಹೂವಿನ ಮಾಲೆ ಹಾಕಿಕೊಂಡ ಟ್ರ್ಯಾಕ್ಟರುಗಳು ಹಾರ್ನು ಹೊಡೆದು ದಾರಿ ಬಿಟ್ಟವು. ನೀಲತ್ತೆಯ ಸೆರಗು ಹಾರುತ್ತಿತ್ತು, ಅವಳು ಬಾಯಿ ತುಂಬ ನಗುತ್ತಿದ್ದಳು. ನಾನು ಮನಸ್ಸಿನಲ್ಲೇ ನಿಲ್ಲಬೇಡ, ನಿಲ್ಲಬೇಡ ಎಂದು ಗಾಡಿಯನ್ನು ಬೇಡಿಕೊಳ್ಳುತ್ತಿದ್ದೆ.

ಡಂಬಳ ದಾಟಿದೆವು. ಬೇವಿನ ಗಿಡ ಕಂಡಿತು.

"ನಿಂದರಸು," ಎಂದಳು ನೀಲತ್ತೆ.

"ಅತ್ತಿ, ನಡುದಾರ್ಯಾಗ ನಿಂದ್ರಬಾರದಂತ ನೀವ ಅಂದೀರಿ!"

"ಗಾಡಿ ತಾನಾಗಿ ನಿಂದ್ರಬಾರದಂದಿದ್ದೆ. ನಾ ನಿಂದರಸು ಅಂದ್ರ ನಿಂದ್ರಬೇಕು."

ನಿಲ್ಲಿಸಿದೆ. ಕಾದ ಎಂಜಿನ್ ನಿಂತೇಬಿಟ್ಟಿತು. ಮತ್ತೆ ಚಾವಿ ತಿರುವಿದೆ, ಇಲ್ಲ. ಇನ್ನೊಮ್ಮೆ, ಇಲ್ಲ. ಅಳು ಬರುವುದೊಂದು ಬಾಕಿ. ನೀಲತ್ತೆಗೆ ಗಾಬರಿಯೇ ಇರಲಿಲ್ಲ. ಇಳಿದು ಬೇವಿನ ಗಿಡದ ಹತ್ತಿರ ಹೋಗಿ, ಅದರ ಬೊಡ್ಡೆಯ ಮೇಲೆ ಕೈಯಿಟ್ಟು ನಿಂತಳು.

"ನಿಮ್ಮ ಮಾವ ಕತಿ ಅರ್ಧಾನ ಹೇಳ್ಯಾರ," ಎಂದಳು. "ನಾ ನೂಕಿದೆ, ಗಾಡಿ ಚಾಲೂ ಆತು. ಅದು ಖರೆ, ಆದ್ರ ಅವರು ನಿಂದ್ರಲೇ ಇಲ್ಲ. ನಿಂತ್ರ ಮತ್ತ ಬಂದ್ ಆಗತೈತಂತ ಕೈ ಮಾಡಿ ನಕ್ಕೋಂತ ಹೋದ್ರು. ಹೊಸಾ ಸೀರಿ, ಕೈತುಂಬ ಹಸರ ಬಳಿ, ಕಾಲಾಗ ಕಾಲುಂಗರ ಹೊಸಾವು, ಚುಚ್ಚತಿದ್ದು. ಮುಂದ ಇಳಿಜಾರಿನಾಗ ನಿಂತಿದ್ರು, ಅಲ್ಲೀತನಕ ಒಂದು ಮೈಲು ನಡದೆ ನಾ, ಒಬ್ಬಾಕೇನ. ಅಳೂದು ಬಂತು. ಯಾರಿಗೂ ಹೇಳಲಿಲ್ಲ. ನೂಕಿದ್ದಕ್ಕ ಸಿಟ್ಟಲ್ಲಪಾ ನನಗ. ಬಿಟ್ಟು ಹೋದದ್ದಕ್ಕ."

ನಾನೂ ಇಳಿದೆ. ಇಷ್ಟು ವರ್ಷ ಆ ಕತೆಗೆ ನಾನೂ ಹೊಟ್ಟೆ ಹಿಡಿದು ನಕ್ಕವನೇ. ನಾಚಿಕೆಯಾಯಿತು, ಅವಳ ಮೇಲೆ ಬಹಳ ಪ್ರೀತಿಯೂ ಬಂತು. ಅಷ್ಟರಲ್ಲಿ ಅವಳು ಬಂದು ಚಪ್ಪಲಿ ಬಿಟ್ಟು, ಸೀರೆ ಮೇಲೆ ಸಿಗಿಸಿ, ಸ್ಟೇರಿಂಗ್ ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

"ಇವತ್ತ ನೀ ನೂಕು," ಎಂದಳು.

"ಅತ್ತಿ, ನಿಮಗ..."

"ನಮ್ಮ ಬೆಳ್ಳಟ್ಟಿ ಹೊಲದಾಗ ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಹೊಡದಾಕಿಗೆ ಕ್ಲಚ್ ಕಲಸಬ್ಯಾಡ. ನೂಕು."

ಲೈಸೆನ್ಸಿನ ವಿಚಾರ ನನ್ನನ್ನು ಕೇಳಬೇಡಿ. ನಾನು ನೂಕಿದೆ. ರಸ್ತೆ ಸ್ವಲ್ಪ ಇಳಿಜಾರಿತ್ತು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ, ಏದುಸಿರು. ಎರಡನೇ ಗೇರಿನಲ್ಲಿ ಅವಳು ಕ್ಲಚ್ಚು ಬಿಟ್ಟ ಕ್ಷಣ ಗಾಡಿ ಒಮ್ಮೆ ಜಿಗಿದು, ಹಿಂದಿನಿಂದ ಒಂದು ಹಳದಿ ಮೋಡ ಬಿಟ್ಟು, ಗರ್ಜಿಸಿತು. ನಾನು ಕೈಯೆತ್ತಿ ಕೂಗಿದೆ. ನೀಲತ್ತೆಯೂ ಕೈಯೆತ್ತಿದಳು. ಆದರೆ ನಿಲ್ಲಲಿಲ್ಲ. ಮೂರನೇ ಗೇರಿಗೆ ಬಿದ್ದ ಸದ್ದು ಕೇಳಿಸಿತು, ಕೆಂಪು ಗಾಡಿ ತಿರುವಿನಲ್ಲಿ ಮರೆಯಾಯಿತು. ಅವಳು ಬಿಟ್ಟುಹೋದ ಚಪ್ಪಲಿ ಎತ್ತಿಕೊಂಡು ರಸ್ತೆಯ ನಡುವೆ ನಿಂತ ನಾನು ಹುಚ್ಚನಂತೆ ನಕ್ಕೆ.

ಒಂದು ಮೈಲಿಗೆ ನಿಂತಾಳು ಎಂದು ನಡೆದೆ. ನಿಂತಿರಲಿಲ್ಲ. ಕೊನೆಗೊಂದು ಟಂಟಂ ಆಟೋ ಸಿಕ್ಕಿತು. ಹತ್ತಿ ಕೂತ ಕೂಡಲೇ ಅದರ ಡ್ರೈವರ್, "ಏನ್ ಹೇಳ್ಲಿರಿ, ಅಡ್ನಾಡಿ ಕೆಂಪ ಗಾಡ್ಯಾಗ ಒಬ್ಬಾಕಿ ಅಜ್ಜಿ ಹೊಂಟಿದ್ಲು. ನಾ ಆ ಕಡಿಂದ ಬರಾಕತ್ತಿದ್ದೆ, ಹಾರ್ನ್ ಹೊಡದು ದಾರಿ ಬಿಡಿಸಿದ್ಲ್ರಿ!" ಎಂದ. ಪ್ಯಾಸೆಂಜರ್ ತರಲೆಂದು ಆಮೇಲೆ ಗಾಡಿ ತಿರುಗಿಸಿದ್ದನಂತೆ.

"ಅಕಿ ನಮ್ಮತ್ತಿ," ಎಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಮಾತನ್ನೂ ಹೇಳಿದ್ದು ನೆನಪಿಲ್ಲ.

ಮುಂಡರಗಿಯಲ್ಲಿ ಅವಳ ತವರಿನ ಬಾಗಿಲಿಗೆ ಸರಿಯಾಗಿ ಗಾಡಿ ನಿಂತಿತ್ತು. ಓಣಿಯ ಅರ್ಧ ಜನ ಅದರ ಸುತ್ತ ಸೇರಿದ್ದರು. ಕಟ್ಟೆಯ ಮೇಲೆ ನೀಲತ್ತೆ, ಅವಳ ಪಕ್ಕ ಕುರ್ಚಿಯಲ್ಲಿ ಅಣ್ಣ, ಅವರ ಮಡಿಲ ತುಂಬ ಬನ್ನಿ ಎಲೆ. ಹಳದಿ ಮೀಸೆ ಹೊತ್ತು, ಕೈಯಲ್ಲಿ ಹೆಂಗಸರ ಚಪ್ಪಲಿ ಹಿಡಿದು ಟಂಟಂನಿಂದ ಇಳಿದ ನನ್ನನ್ನು ಆ ಮುದುಕರು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ತಂಗಿಯ ಕಡೆ ನೋಡಿದರು. ಮತ್ತೆ ನನ್ನ ಕಡೆ ತಿರುಗಿದರು.

"ಏನಪಾ ಶೇಖರಾ, ನೂಕಿ ಬಂದಿಯೇನು?"

ನೀಲತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಚಪ್ಪಲಿಯನ್ನು ಅವಳ ಕಾಲ ಹತ್ತಿರ ಇಟ್ಟು, ಚಾವಿಗಾಗಿ ಕೈ ಚಾಚಿದೆ. ಅವಳು ಚಾಚಿದ ಕೈಯಲ್ಲಿ ಬನ್ನಿ ಎಲೆ ಇಟ್ಟಳು. "ಬನ್ನಿ ತಗೊಂಡು ಬಂಗಾರದಂಗ ಇರು ತಮ್ಮಾ," ಎಂದಳು. ಚಾವಿ ಅವಳ ಸೊಂಟದಲ್ಲೇ ಇತ್ತು, ವಾಪಸು ಬೆಟಗೇರಿ ಮುಟ್ಟುವ ತನಕವೂ ಅಲ್ಲಿಂದ ನನ್ನ ಕೈಗೆ ಬರಲಿಲ್ಲ.